ಮೈದಾನದ ಮಗ್ಗುಲಿನ ತೋಟದ ಮನೆ

ಎದುರಿಗಿರುವುದು ಕಲ್ಲಿನ ಗೋಡೆಯ, ಹೆಂಚು ಹೊದಿಸಿದ ಹಳೆಯ ಮನೆ. ಎರಡೇ ಅಂತಸ್ತು. ನಮ್ಮ ಮಲೆನಾಡಿನ ದೊಡ್ಡ ಮನೆಯೊಂದರ ಮುಂದೆ ನಿಂತ ಹಾಗಿದೆ. ಆದರೆ ಸ್ವಲ್ಪ ಕತ್ತೆತ್ತಿ ನೋಡಿ. ಪಕ್ಕದಲ್ಲೇ ಆಕಾಶದ ಅರ್ಧವನ್ನು ನುಂಗಿಕೊಂಡು ನಿಂತಿದೆ ಕ್ಯಾಂಪ್ ನೌ ಕ್ರೀಡಾಂಗಣ. ನೀವು ಬಂದಿರುವುದು ಬಾರ್ಸಿಲೋನಾದ ಲೆಸ್ ಕೊರ್ಟ್ಸ್ ಬಡಾವಣೆಗೆ. ಈ ಮನೆಯ ಹೆಸರು ಲಾ ಮಸಿಯಾ. ಕತಲಾನ್ ಭಾಷೆಯಲ್ಲಿ ಮಸಿಯಾ ಅಂದರೆ ತೋಟದ ಮನೆ, ಅಷ್ಟೇ.

ಇದನ್ನು ಕಟ್ಟಿದ್ದು 1702ರಲ್ಲಿ. ಆಗ ಫುಟ್‌ಬಾಲ್ ಎಲ್ಲಿತ್ತು? ಎರಡೂವರೆ ಶತಮಾನ ಕಳೆದು ಬಾರ್ಸಿಲೋನಾ ಕ್ಲಬ್ ಇಲ್ಲಿ ಜಮೀನು ಕೊಂಡಾಗ ಮನೆಯೂ ಜೊತೆಗೆ ಬಂತು. ಮುಂದೆ ಎದ್ದು ನಿಲ್ಲಬೇಕಿದ್ದ ಕ್ರೀಡಾಂಗಣದ ಮಾದರಿಗಳನ್ನು ಸಿದ್ಧಪಡಿಸಿದ್ದು ಇದೇ ಗೋಡೆಗಳ ನಡುವೆ. 1957ರಲ್ಲಿ ಕ್ಯಾಂಪ್ ನೌ ಬಾಗಿಲು ತೆರೆಯಿತು. ಮನೆ ಕೆಲವು ವರ್ಷ ಸುಮ್ಮನಿದ್ದು, 1966ರಿಂದ ಕ್ಲಬ್ಬಿನ ಕಚೇರಿಯಾಯಿತು. 1979ರ ಅಕ್ಟೋಬರ್ 20ರಂದು ಅಲ್ಲಿಗೆ ಮಂಚ, ಹಾಸಿಗೆ ಬಂದವು. ಪರವೂರಿನ ಹುಡುಗರು ಟ್ರಂಕು ಹೊತ್ತುಕೊಂಡು ಬಂದರು.

ಒಳಗೆ ಬನ್ನಿ. 1996ರ ಸೆಪ್ಟೆಂಬರ್‌ನ ಒಂದು ರಾತ್ರಿ ಎಂದುಕೊಳ್ಳಿ. ಒಂದರ ಮೇಲೊಂದು ಕಟ್ಟಿದ ಮಂಚಗಳು. ದೀಪ ಆರಿದೆ. ಒಬ್ಬ ಹುಡುಗನಿಗೆ ಮಾತ್ರ ನಿದ್ದೆ ಹತ್ತುತ್ತಿಲ್ಲ. ವಯಸ್ಸು 12, ಬಿಳಿಚಿದ ಮುಖ, ಸಣಕಲು ಮೈ. ನೂರಾರು ಕಿಲೋಮೀಟರ್ ಆಚೆಯ ಫುವೆಂತೆಅಲ್ಬಿಯಾ ಎಂಬ ಹಳ್ಳಿಯಿಂದ ಬಂದವನು. ಅಪ್ಪ ಅಮ್ಮ ಬಿಟ್ಟು ಹೊರಟಾಗಿನಿಂದ ಅತ್ತು ಅತ್ತು ಕಣ್ಣು ಊದಿವೆ. ತನ್ನ ಬದುಕಿನ ಅತ್ಯಂತ ಕೆಟ್ಟ ದಿನಗಳಲ್ಲಿ ಅದೂ ಒಂದು ಎಂದು ಆಂದ್ರೆಸ್ ಇನಿಯೆಸ್ಟಾ ಮುಂದೆ ಹೇಳಿಕೊಂಡಿದ್ದಾನೆ. ಹಾಸ್ಟೆಲ್ಲಿನ ಮೊದಲ ರಾತ್ರಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಕಿಟಕಿಯ ಹತ್ತಿರ ಹೋಗಿ. ಹೊರಗೆ ಕಾಣುವುದು ಅದೇ ಕ್ರೀಡಾಂಗಣ. 1980ರ ದಶಕದಲ್ಲಿ ಇಲ್ಲಿದ್ದ ಪೆಪ್ ಗ್ವಾರ್ಡಿಯೊಲಾ ಕೂಡ ಬೆಳಗೆದ್ದು ನೋಡುತ್ತಿದ್ದದ್ದು ಇದನ್ನೇ. ಜಗತ್ತಿನ ದೊಡ್ಡ ಕ್ಲಬ್ಬುಗಳ ತರಬೇತಿ ಕೇಂದ್ರಗಳಲ್ಲಿ ಏನೇನೋ ಯಂತ್ರಗಳಿವೆ. ನನ್ನ ಮಟ್ಟಿಗೆ ಈ ಮನೆಯ ದೊಡ್ಡ ಸೌಲಭ್ಯ ಈ ಕಿಟಕಿಯೇ. ಏನಾಗಬೇಕೆಂದು ಬಂದೆಯೋ ಅದು ನಾಲ್ಕು ಹೆಜ್ಜೆ ಆಚೆಗೇ ಇದೆ ಎಂದು ಹುಡುಗನಿಗೆ ದಿನವೂ ಹೇಳುತ್ತಿತ್ತು.

ಬೆಳಿಗ್ಗೆ ಶಾಲೆ, ಸಂಜೆ ಮೈದಾನ. ಮೈದಾನದ ಅಂಚಿಗೆ ಬಂದು ನಿಂತು ನೋಡಿ. ಎಂಟು ಹುಡುಗರು ದುಂಡಗೆ ನಿಂತಿದ್ದಾರೆ, ಇಬ್ಬರು ಒಳಗೆ. ಹೊರಗಿನವರು ಚೆಂಡು ದಾಟಿಸಬೇಕು, ಒಳಗಿನವರು ಕಸಿಯಬೇಕು. ಇದಕ್ಕೆ ರೊಂಡೊ ಎನ್ನುತ್ತಾರೆ. ಮಕ್ಕಳಾಟದ ಹಾಗೆ ಕಾಣುತ್ತದೆ. ಚೆಂಡನ್ನು ಬಿಟ್ಟು ಒಬ್ಬ ಹುಡುಗನ ಕಣ್ಣು ನೋಡಿ. ಚೆಂಡು ಕಾಲಿಗೆ ಬರುವ ಮೊದಲೇ ಅವನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ ಮುಗಿಸಿದ್ದಾನೆ. ಸೊಂಟ ಆಗಲೇ ಅರ್ಧ ತಿರುಗಿದೆ. ಪಾದದ ಒಳಮೈ ಚೆಂಡಿಗೆ ತಾಗುವುದು ಒಂದೇ ಸಲ. ಟಪ್. ಆ ಸದ್ದು ಏರುವುದಿಲ್ಲ, ಇಳಿಯುವುದಿಲ್ಲ. ಎಲ್ಲಿ ತಾಳ ತಪ್ಪಿತೋ ಅಲ್ಲಿ ಚೆಂಡು ಒಳಗಿನವನ ಪಾಲು, ತಪ್ಪಿದವನು ಒಳಕ್ಕೆ.

1970ರ ದಶಕದಲ್ಲಿ ಈ ಆಟವನ್ನು ಕ್ಲಬ್ಬಿನ ಹುಡುಗರಿಗೆ ರೂಢಿ ಮಾಡಿಸಿದವನು ತರಬೇತುದಾರ ಲೌರಿಯಾನೊ ರೂಯಿಸ್. ಎತ್ತರ ಕಡಿಮೆ ಇರುವ ಹುಡುಗರನ್ನು ಕರೆತರಲೇಬೇಡಿ ಎಂಬ ಸೂಚನೆ ಆಗ ಕಚೇರಿಯಲ್ಲಿ ತೂಗುತ್ತಿತ್ತಂತೆ. ರೂಯಿಸ್ ಅದನ್ನು ಕಿತ್ತು ಹಾಕಿದ. 1988ರಲ್ಲಿ ಮುಖ್ಯ ತಂಡದ ತರಬೇತುದಾರನಾಗಿ ಬಂದ ಯೋಹಾನ್ ಕ್ರೈಫ್ ಇಡೀ ಕ್ಲಬ್ಬನ್ನೇ ಈ ವರ್ತುಲದೊಳಗೆ ತಂದ. ರೂಯಿಸ್ ಕಿತ್ತ ಆ ಸೂಚನೆ ಗೋಡೆಯಲ್ಲೇ ಉಳಿದಿದ್ದರೆ ಎಂದು ಯೋಚಿಸಿದರೆ ನನಗೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ. 2011ರ ಜನವರಿಯಲ್ಲಿ ಜ್ಯೂರಿಕ್ ನಗರದಲ್ಲಿ ವಿಶ್ವದ ಅತ್ಯುತ್ತಮ ಆಟಗಾರನ ಪ್ರಶಸ್ತಿಗೆ ಕೊನೆಯ ಸುತ್ತಿನಲ್ಲಿ ಉಳಿದವರು ಮೂವರು: ಮೆಸ್ಸಿ, ಇನಿಯೆಸ್ಟಾ, ಶಾವಿ. ಮೂವರೂ ಇಲ್ಲಿ ಕಲಿತವರು, ಮೂವರೂ ಗಿಡ್ಡರು. 2012ರ ನವೆಂಬರ್ 25ರಂದು ಲೆವಾಂತೆ ವಿರುದ್ಧ ಗಾಯಗೊಂಡ ಆಲ್ವೆಸ್ ಹೊರನಡೆದು ಮೊಂತೊಯಾ ಒಳಬಂದಾಗ, ಮೈದಾನದಲ್ಲಿದ್ದ ಬಾರ್ಸಿಲೋನಾದ ಹನ್ನೊಂದೂ ಜನ ಇದೇ ಕಲಿಕೆಯವರಾಗಿದ್ದರು.

ಅಷ್ಟರಲ್ಲಿ ಹಳೆಯ ಮನೆಗೆ ಬೀಗ ಬಿದ್ದಿತ್ತು. 2011ರ ಜೂನ್ ಕೊನೆಗೆ ಹುಡುಗರು ಖಾಲಿ ಮಾಡಿದರು. ನಾವೂ ಅವರ ಹಿಂದೆಯೇ ಹೋಗೋಣ, ದೂರವೇನಿಲ್ಲ, ಸುಮಾರು 4.5 ಕಿಲೋಮೀಟರ್. ಊರು ಸಂತ್ ಜುವಾನ್ ದೆಸ್ಪಿ. ಕ್ಲಬ್ಬನ್ನು 1899ರಲ್ಲಿ ಹುಟ್ಟುಹಾಕಿದ ಜುವಾನ್ ಗ್ಯಾಂಪರ್ ಹೆಸರಿನ ಕ್ರೀಡಾನಗರಿ 2006ರಲ್ಲಿ ಇಲ್ಲಿ ಶುರುವಾಯಿತು. ಹೆಚ್ಚುಕಡಿಮೆ 34 ಎಕರೆ. ಸಹಜ ಹುಲ್ಲಿನ ಮೈದಾನಗಳು, ಕೃತಕ ಹುಲ್ಲಿನವು, ಜಿಮ್, ಒಳಾಂಗಣ ಸಭಾಂಗಣ. 2019ರಲ್ಲಿ ಕ್ರೈಫ್ ಹೆಸರಿನಲ್ಲಿ 6,000 ಜನ ಕೂರುವ ಕ್ರೀಡಾಂಗಣವೂ ಸೇರಿತು. 2009ರ ಜನವರಿವರೆಗೂ ಮುಖ್ಯ ತಂಡ ಹಳೆಯ ಮನೆಯ ಪಕ್ಕದ ಮೈದಾನದಲ್ಲೇ ಅಭ್ಯಾಸ ಮಾಡುತ್ತಿತ್ತು. ಅದನ್ನು ಇಲ್ಲಿಗೆ ಕರೆತಂದವನು ಆಗಿನ ತರಬೇತುದಾರ, ಆ ಕಿಟಕಿಯ ಹುಡುಗ ಗ್ವಾರ್ಡಿಯೊಲಾನೇ.

ಹೊಸ ವಸತಿಗೃಹಕ್ಕೆ ಒರಿಯೊಲ್ ತೊರ್ಟ್ ಹೆಸರಿಟ್ಟಿದ್ದಾರೆ. ಊರೂರು ಅಲೆದು ಹುಡುಗರನ್ನು ಹೆಕ್ಕಿ ತಂದ ಮನುಷ್ಯ. 1999ರಲ್ಲಿ ತೀರಿಕೊಂಡ, ಇದನ್ನು ಕಾಣಲಿಲ್ಲ. ಐದು ಅಂತಸ್ತು, 83 ಮಂದಿಗೆ ಜಾಗ, ಓದುವ ಕೋಣೆಗಳು. ಗಾಜು ಹೆಚ್ಚು, ಬೆಳಕು ಹೆಚ್ಚು. ಕ್ಯಾಂಪ್ ನೌ ಕಾಣುವ ಕಿಟಕಿ ಮಾತ್ರ ಇಲ್ಲ. ಆದರೆ ಹಳೆಯ ಮನೆಯಲ್ಲಿ ಇಲ್ಲದ ಒಂದು ಸಂಗತಿ ಇಲ್ಲಿದೆ. 2021ರಿಂದ ಹುಡುಗಿಯರೂ ಇಲ್ಲೇ ಉಳಿದು ಕಲಿಯುತ್ತಾರೆ. ಇಷ್ಟು ತಡವಾಯಿತಲ್ಲ ಎಂಬ ಕೊರಗು ನನಗಿದ್ದೇ ಇದೆ.

ರೊಂಡೊ ವರ್ತುಲದ ಅಲೆ ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೂ ಬಂದು ಮುಟ್ಟಿದೆ. ಬಾರ್ಸಿಲೋನಾದ ಕಿರಿಯರ ತಂಡಗಳಲ್ಲಿ ಆಡಿ ಬೆಳೆದ ಕಾರ್ಲೆಸ್ ಕ್ವಾಡ್ರಾಟ್ ತರಬೇತಿಯಲ್ಲೇ ಬೆಂಗಳೂರು ಎಫ್‌ಸಿ 2019ರ ಮಾರ್ಚ್‌ನಲ್ಲಿ ಗೋವಾವನ್ನು 1-0ಯಿಂದ ಸೋಲಿಸಿ ಐಎಸ್‌ಎಲ್ ಗೆದ್ದದ್ದು. ಅವನಿಗಿಂತ ಮೊದಲು ಬೆಂಗಳೂರಿನಲ್ಲಿದ್ದ ಆಲ್ಬರ್ಟ್ ರೋಕಾ ಕೂಡ ಬಾರ್ಸಿಲೋನಾದಲ್ಲಿ ಸಹಾಯಕ ತರಬೇತುದಾರನಾಗಿದ್ದವನು.

ಸಂತ್ ಜುವಾನ್ ದೆಸ್ಪಿಯಲ್ಲಿ ಈಗ ಹೊತ್ತು ಮುಳುಗುತ್ತಿದೆ. ದೀಪಗಳು ಹತ್ತಿಕೊಂಡಿವೆ, ಹುಲ್ಲಿಗೆ ಈಗಷ್ಟೇ ನೀರು ಬಿಟ್ಟಿದ್ದಾರೆ, ಚೆಂಡು ಉರುಳಿದ ಕಡೆಯೆಲ್ಲ ತೆಳ್ಳಗಿನ ನೀರಗೆರೆ. ಮೂಲೆಯಲ್ಲಿ ಎಂಟು ಹುಡುಗಿಯರು ದುಂಡಗೆ, ಇಬ್ಬರು ಒಳಗೆ. ಟಪ್, ಟಪ್, ಟಪ್. ಒಳಗಿನವಳು ಕಾಲು ಚಾಚಿದಳು, ಚೆಂಡು ಸಿಕ್ಕಿತು. ಕೊಟ್ಟು ಕಳೆದುಕೊಂಡವಳು ಯಾರೂ ಹೇಳುವ ಮೊದಲೇ ಒಳಗೆ ನಡೆದಳು.