ತಂತಿಯ ತುದಿ

ಮೈಸೂರಿನ ಹೆಬ್ಬಾಳವೆಂದೊಡನೆ ಇಂದಿನ ಮಕ್ಕಳಿಗೆ ಇನ್ಫೋಸಿಸ್ ಆವರಣ ನೆನಪಾಗುತ್ತದೆ. ಅಲ್ಲಿಯ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪುಗಳಲ್ಲಿ ಬದುಕು ಕಟ್ಟಿಕೊಂಡ ನನ್ನ ಶಿಷ್ಯರೂ ಇದ್ದಾರೆ. ಅವರಲ್ಲೊಬ್ಬನು ಹಳೆಯ ವಾಹನಗಳಿಗೆ ಇ.ಸಿ.ಯು. ಎಂಬ ಇಂಜಿನ್ ನಿಯಂತ್ರಣ ಪೆಟ್ಟಿಗೆಯನ್ನು ಅಳವಡಿಸುತ್ತಾನೆ. "ಪೆಟ್ಟಿಗೆ ಕೆಡೋದು ಅಪರೂಪ ಮೇಷ್ಟ್ರೇ, ಕೈಕೊಡೋದು ತಂತಿಯ ತುದಿ" ಎಂದು ಅವನು ಹೇಳಿದ ಮಾತು ವಿಚಾರ ಮಾಡತಕ್ಕದ್ದು.

1961ರಿಂದ 1996ರವರೆಗೆ ನಮ್ಮೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸಿದ ಜಾವಾ, ಯೆಜ್ಡಿ ಬೈಕುಗಳಲ್ಲಿ ತಂತಿಗಳು ಕೆಲವೇ. ಪಾಯಿಂಟ್ ಕೊಳೆಯಾದರೆ ಕಿಡಿ ಹಾರದು. ಉಪ್ಪು ಕಾಗದದಿಂದ ಉಜ್ಜಿದರೆ ಗಾಡಿ ಹೊರಡುವುದು. ದೋಷ ಕಣ್ಣಿಗೆ ಕಾಣುತ್ತಿತ್ತು.

ಇ.ಸಿ.ಯು. ಹಾಗಲ್ಲ. ಅದು ಸೆನ್ಸರುಗಳಿಗೆ 5 ವೋಲ್ಟ್ ಕೊಟ್ಟು, ಮರಳಿ ಬರುವ ವೋಲ್ಟೇಜನ್ನು ನಂಬಿ ನಡೆಯುತ್ತದೆ. ಇಂಜಿನ್ ಬಿಸಿಯಾದಷ್ಟೂ ಉಷ್ಣತೆಯ ಸೆನ್ಸರಿನ ವಿದ್ಯುತ್ ರೋಧ ಇಳಿಯುತ್ತದೆ. ಕಿಲುಬು ಹಿಡಿದ ಟರ್ಮಿನಲ್ ತನ್ನ ರೋಧವನ್ನೂ ಸೇರಿಸಿತೆಂದರೆ, ಕಾದ ಇಂಜಿನ್ನನ್ನು ತಣ್ಣಗಿದೆಯೆಂದು ಬಗೆದು ಹೆಚ್ಚು ಪೆಟ್ರೋಲು ಸುರಿಯುತ್ತದೆ. ಸುಳ್ಳು ಸಾಕ್ಷಿ ನಂಬಿದ ನ್ಯಾಯಾಧೀಶನ ಪಾಡು ಅದರದು!

ಬೆಸುಗೆ ಹಾಕಿದರಾಗದೇ ಎಂದು ಕೇಳಿದೆ. ಬೆಸುಗೆಯ ಲೋಹ ತಾಮ್ರದ ಎಳೆಗಳೊಳಗೆ ಹರಿದು ತಂತಿಯನ್ನು ಗಡುಸು ಮಾಡುತ್ತದೆ. ಆ ಗಡುಸು ಮುಗಿಯುವೆಡೆಯಲ್ಲೇ ಇಂಜಿನ್ನಿನ ಅದುರಿಗೆ ತಂತಿ ತುಂಡಾಗುತ್ತದೆಯಂತೆ. ಆದ್ದರಿಂದ ಕ್ರಿಂಪ್ ಮಾಡುವುದೇ ಲೇಸು. ಟರ್ಮಿನಲ್ಲಿನ ಒಂದು ಜೊತೆ ರೆಕ್ಕೆ ತಾಮ್ರವನ್ನು ಬಿಗಿಯುತ್ತದೆ, ಇನ್ನೊಂದು ಜೊತೆ ತಂತಿಯ ಹೊದಿಕೆಯನ್ನೋ ರಬ್ಬರ್ ಸೀಲನ್ನೋ ಅಪ್ಪಿ ಎಳೆತವನ್ನು ತಾಳುತ್ತದೆ. ಸಾಮಾನ್ಯ ಇಕ್ಕಳ ಸಾಲದು. ಪೂರ್ತಿ ಒತ್ತುವವರೆಗೆ ಬಾಯಿ ಬಿಡದ ರ್‍ಯಾಚೆಟ್ ಕ್ರಿಂಪರ್ ಬೇಕು. ಚಿನ್ನದ ಲೇಪವಿದ್ದ ಪಿನ್ನಿಗೆ ಚಿನ್ನದ್ದೇ ಜೋಡಿ, ತವರಕ್ಕೆ ತವರವೇ. ಬೆರೆಸಿದರೆ ಸಂಪರ್ಕ ಬೇಗ ಕೆಡುತ್ತದೆ. ಕೊನೆಗೆ ಒಂದೊಂದು ತಂತಿಯನ್ನೂ ಮೆಲ್ಲನೆ ಎಳೆದು ನೋಡಬೇಕು.

ಅವನ ದುಃಖ ಬೇರೆಯೇ. ಪೆಟ್ಟಿಗೆಗೆ ಸಾವಿರಗಟ್ಟಲೆ ತೆರುವ ಗಿರಾಕಿ, ತಂತಿ ಜೋಡಿಸುವ ಹುಡುಗನ ಕೂಲಿಗೆ ಚೌಕಾಸಿ ಮಾಡುತ್ತಾನೆ. ಅವಸರದಲ್ಲಿ ಮುಗಿಸಿದ ಒಂದು ಕ್ರಿಂಪ್ ಚಾಮುಂಡಿಬೆಟ್ಟದ ತಿರುವಿನಲ್ಲಿ ಬಿಟ್ಟುಕೊಂಡರೆ ಇಂಜಿನ್ನೇ ನಿಂತೀತು. ಹಿಂದೆ ಬರುವ ಬಸ್ಸಿಗೆ ಅದು ತಿಳಿಯಬೇಕಲ್ಲ! ಎಂದೇ ಈ ಪುಟ ಓದುವ ಮಕ್ಕಳಲ್ಲಿ ನನ್ನದೊಂದು ವಿನಂತಿ: ಕಾಣದ ಜಾಗದಲ್ಲಿ ನಿಷ್ಠೆಯಿಂದ ದುಡಿಯುವ ಆ ಕೈಗೆ ಕೇಳಿದಷ್ಟು ಕೂಲಿ ಕೊಡಿ, ಬೇಕಾದಷ್ಟು ಹೊತ್ತನ್ನೂ ಕೊಡಿ.