ಗುಂಡಿಗೊಮ್ಮೆ ಆರುವ ದೀಪ

ಮೂಡಲಗಿಯಿಂದ ಹುಕ್ಕೇರಿಗೆ ಅಜ್ಜನ ಹಳೆಯ ಕಾರಿನಲ್ಲಿ ಹೊರಟಿದ್ದೆವು. ರಸ್ತೆಯಲ್ಲಿ ಗುಂಡಿ ಬಂದರೆ ದೀಪ ಆರುತ್ತಿತ್ತು, ಇನ್ನೊಂದು ಗುಂಡಿಗೆ ಹತ್ತುತ್ತಿತ್ತು! ಹೊತ್ತು ಮುಳುಗುತ್ತಿತ್ತು. ಗೋಕಾಕ ಫಾಲ್ಸ್ ಬಳಿ ಕಾರು ನಿಲ್ಲಿಸಿದರು. ಅಲ್ಲಿ ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುತ್ತಾಳೆ.

“ಇಲ್ಲಿ ನೀರಿನಿಂದ ಕರೆಂಟ್ ತಗದಾರಂತ. ನಿಮ್ಮ ಕಾರಿನಾಗಿನ ಕರೆಂಟ್ ಎಲ್ಲಿ ಹೋತ್ರಿ?” ಎಂದು ಅಜ್ಜಿ ನಕ್ಕರು.

“ಹುಡುಕೂಣು. ದೀಪ ನೋಡಕೋತ ನಿಂದರು” ಎಂದು ಅಜ್ಜ ನನಗೆ ಹೇಳಿ, ವಾಯರುಗಳನ್ನು ಒಂದೊಂದಾಗಿ ಅಲುಗಿಸಿದರು.

“ಅಜ್ಜಾ, ಆರಿತು!” ಎಂದು ಕೂಗಿದೆ.

ಅದು ದೀಪದಿಂದ ಕಾರಿನ ತಗಡಿಗೆ ಕೂಡಿಸಿದ ಅರ್ತ್ ವಾಯರು, ಕರೆಂಟ್ ಬ್ಯಾಟರಿಗೆ ಮರಳುವ ದಾರಿ. ಅದರ ತುದಿಗೆ ತುಕ್ಕು ಹಿಡಿದು ನಟ್ಟು ಸಡಿಲಾಗಿತ್ತು. ಅಜ್ಜ ಮೊದಲು ಬ್ಯಾಟರಿಯ ವಾಯರು ಬಿಚ್ಚಿದರು, ಆಮೇಲೆ ತುಕ್ಕು ಉಜ್ಜಿ ನಟ್ಟು ಬಿಗಿದರು.

ಹುಕ್ಕೇರಿ ಮುಟ್ಟುವವರೆಗೂ ನಾನು ಗುಂಡಿ ಎಣಿಸುತ್ತ ಕುಳಿತೆ. ದೀಪ ಒಮ್ಮೆಯೂ ಆರಲಿಲ್ಲ.