ಹಳೇ ಫೋನು, ಹೊಸ ಬ್ಯಾಟರಿ

ಶಿಕಾರಿಪುರದಲ್ಲಿ ಬಸ್ ಹತ್ತಿ ಸೊರಬ ಮುಟ್ಟೋದ್ರೊಳಗೆ ನಿಮ್ಮ ಫೋನ್ ಚಾರ್ಜ್ ಅರ್ಧಕ್ಕರ್ಧ ಇಳೀತಿದ್ಯಾ? ಹೊಸ ಫೋನಿಗೆ ಇಎಂಐ ಲೆಕ್ಕ ಹಾಕೋ ಮುಂಚೆ ಇದನ್ನ ಓದಿ.

ಕೆಟ್ಟಿರೋದು ಫೋನಲ್ಲ, ಬ್ಯಾಟರಿ ಇರಬಹುದು. ಲಿಥಿಯಂ-ಅಯಾನ್ ಬ್ಯಾಟರಿ ತುಂಬಿ ಖಾಲಿಯಾದಾಗೆಲ್ಲ ಸ್ವಲ್ಪ ಸವೆಯುತ್ತೆ. ಹಲವು ಹಳೇ ಫೋನುಗಳಲ್ಲಿ ಸುಮಾರು 500 ಸುತ್ತು ಆದ್ಮೇಲೆ ಮೊದಲಿನ ಶೇ. 80ರಷ್ಟು ಹಿಡಿದ್ರೆ ಹೆಚ್ಚು. ಬಿಸಿ ತಾಗಿದ್ರೆ ಇನ್ನೂ ಬೇಗ ಸವೆಯುತ್ತೆ.

ಅಪ್ಪನ ಫೋನಿಗೆ ಮನೇಲಿ ನಾನೇ ಹೊಸದು ಹಾಕಿದೆ. ಚಾರ್ಜ್ ಶೇ. 25ಕ್ಕಿಂತ ಕೆಳಗಿಳಿಸಿ ಸ್ವಿಚ್ ಆಫ್ ಮಾಡಿ. ಹೇರ್ ಡ್ರೈಯರ್ ಬಿಸಿಗೆ ಹಿಂದಿನ ಮುಚ್ಚಳದ ಅಂಟು ಮೆತ್ತಗಾಗುತ್ತೆ. ಬಿಚ್ಚಿದ ಸ್ಕ್ರೂಗಳನ್ನ ಅದೇ ಸಾಲಲ್ಲಿ ಕಾಗದದ ಮೇಲಿಡಿ. ಒಳಗೆ ಮೊದಲು ಬಿಡಿಸಬೇಕಾದ್ದು ಬ್ಯಾಟರಿ ಕನೆಕ್ಟರ್. ಬ್ಯಾಟರಿನ ಪ್ಲಾಸ್ಟಿಕ್ ಕಾರ್ಡಿಂದ ನಿಧಾನ ಎಬ್ಬಿಸಿ. ಸ್ಕ್ರೂಡ್ರೈವರಿಂದ ಮೀಟಬೇಡಿ, ತೂತಾದ್ರೆ ಬೆಂಕಿ ಹತ್ತಬಹುದು.

ಅಮ್ಮನ ಫೋನು ಮಾತ್ರ ನಾನು ಬಿಚ್ಚಲಿಲ್ಲ. ಅದರ ಬೆನ್ನು ಉಬ್ಬಿತ್ತು. ಉಬ್ಬಿದೆ ಅಂದ್ರೆ ಬ್ಯಾಟರಿ ಒಳಗೆ ಗ್ಯಾಸ್ ಸೇರಿದೆ ಅಂತ. "ಇನ್ನೊಂದು ವರ್ಷ ಬರುತ್ತೆ ಬಿಡೇ" ಅಂತ ಅಮ್ಮ ಅದನ್ನ ದಿಂಬಿನ ಪಕ್ಕ ಚಾರ್ಜಿಗೆ ಹಾಕ್ಕೊಂಡು ಮಲಗ್ತಿದ್ದಳು! ಅವತ್ತೇ ಆಫ್ ಮಾಡಿಸಿ, ಮರುದಿನ ರಿಪೇರಿ ಅಂಗಡಿಗೆ ಕೊಟ್ವಿ.

ಹಳೇ ಬ್ಯಾಟರಿ ಕಸದ ಬುಟ್ಟಿಗೆ ಹಾಕೋ ಹಾಗಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಬೇರೆಯಾಗಿಯೇ ಕೊಡಬೇಕು.

ದುಡ್ಡು ಉಳಿಸೋದು ಒಳ್ಳೇದೇ. ಆದ್ರೆ ಚಪ್ಪಟೆ ಇದ್ರೆ ಮಾತ್ರ ಮನೇಲಿ ಕೈ ಹಾಕಿ, ಉಬ್ಬಿದ್ರೆ ಬೇಡ. ಇವತ್ತು ರಾತ್ರಿ ನಿಮ್ಮ ಮನೆ ದೊಡ್ಡೋರ ಫೋನಿನ ಬೆನ್ನು ಒಂದ್ಸಲ ಸವರಿ ನೋಡಿ.